ಸಹಿ ಹಾಕಿದವರ ಮೌನ

ಪೀಣ್ಯದ ಕಾರ್ಖಾನೆಯೊಂದಕ್ಕೆ ಹೊಸದಾಗಿ ಸೇರುವ ಹುಡುಗನ ಕೈಗೆ ನೇಮಕಾತಿ ಪತ್ರ ಕೊಡುತ್ತಾರೆ. ಮೂರು ನಾಲ್ಕು ಪುಟ, ಎಲ್ಲವೂ ಇಂಗ್ಲಿಷ್. ಪ್ರತಿ ಪುಟದ ಕೆಳಗೆ ಪೆನ್ಸಿಲಿನಿಂದ ಗುರುತು ಹಾಕಿರುತ್ತಾರೆ. ಅವನು ಅಲ್ಲಿ ಸಹಿ ಮಾಡುತ್ತಾನೆ. ಏನು ಬರೆದಿದೆಯೆಂದು ಕೇಳುವುದಿಲ್ಲ. ಕೇಳಿದರೆ ಕೆಲಸ ಕೈತಪ್ಪೀತು ಎಂಬ ಭಯ. ಮೊದಲ ದಿನವೇ ಅವನು ಸುಮ್ಮನಿರುವುದನ್ನು ಕಲಿಯುತ್ತಾನೆ.

ಇಂಥ ಪತ್ರಗಳಲ್ಲಿರುವ ಪದಗಳಾದರೂ ಎಂಥವು? ‘ಹಿಯರಿನ್‌ಆಫ್ಟರ್’, ‘ಫಾರ್ತ್‌ವಿತ್’, ‘ಇನ್‌ಸಬಾರ್ಡಿನೇಶನ್’, ‘ಡೊಮೆಸ್ಟಿಕ್ ಎನ್‌ಕ್ವೈರಿ’. ಇಂಗ್ಲಿಷರು ತಮ್ಮ ಮನೆಯಲ್ಲಿ ಎಂದೋ ಆಡುವುದನ್ನು ಬಿಟ್ಟ ಮಾತುಗಳು ನಮ್ಮ ತುಮಕೂರು ರಸ್ತೆಯಲ್ಲಿ ಇನ್ನೂ ಸಂಬಳ ಕಡಿಯುತ್ತಿವೆ, ಕೆಲಸ ಕಸಿಯುತ್ತಿವೆ. ‘ಫಾರ್ತ್‌ವಿತ್’ ಎಂದರೆ ‘ಈ ಕ್ಷಣದಿಂದಲೇ’. ಆ ಒಂದು ಪದಕ್ಕೆ ಅರ್ಥ ಗೊತ್ತಿಲ್ಲದವನು ಮರುದಿನವೂ ಬುತ್ತಿ ಕಟ್ಟಿಕೊಂಡು ಗೇಟಿನ ಬಳಿ ಬಂದು ನಿಲ್ಲುತ್ತಾನೆ. ‘ಡೊಮೆಸ್ಟಿಕ್’ ಎಂಬುದರ ಬೇರು ‘ಮನೆ’ ಎಂಬರ್ಥದ ಲ್ಯಾಟಿನ್ ಪದ. ಕಾರ್ಖಾನೆಯೇ ಮನೆ, ಮಾಲೀಕನೇ ಯಜಮಾನ, ವಿಚಾರಣೆ ಮನೆಯೊಳಗಿನ ಸಂಗತಿ! ಇಂಗ್ಲೆಂಡಿನಲ್ಲೇ ಮಾಲೀಕ-ಸೇವಕ ಕಾಯ್ದೆಗಳು 1875ರಲ್ಲಿ ತೊಲಗಿದವು. ಅವುಗಳ ವಾಸನೆ ಮಾತ್ರ ನಮ್ಮಲ್ಲಿ ಉಳಿದಿದೆ.

ಮೌನದ ಪದಗಳದ್ದು ಇನ್ನೂ ವಿಚಿತ್ರ ಕಥೆ. ಇಂಗ್ಲಿಷ್ ಪತ್ರಿಕೆಗಳು ಇಂದಿಗೂ ಬಳಸುವ ‘ಕೀಪ್ ಮಮ್’ ಎಂಬಲ್ಲಿನ ‘ಮಮ್’ ಹುಟ್ಟಿದ್ದು ಮುಚ್ಚಿದ ತುಟಿಗಳ ಸದ್ದಿನಿಂದ. ‘ಟ್ಯಾಸಿಟ್’ ಎಂದರೆ ಮೂಲದಲ್ಲಿ ‘ಸುಮ್ಮನಿರುವ’ ಎಂದಷ್ಟೇ ಅರ್ಥ. ವಕೀಲರ ಕೈಯಲ್ಲಿ ಅದು ‘ಬಾಯಿಬಿಟ್ಟು ಹೇಳದಿದ್ದರೂ ಒಪ್ಪಿದ’ ಎಂದಾಯಿತು. ‘ಅಕ್ವಿಯೆಸೆನ್ಸ್’ ಎಂಬುದರ ಬೇರು ವಿಶ್ರಾಂತಿ, ನೆಮ್ಮದಿ. ಈಗ ಅದರ ಅರ್ಥ, ಆಕ್ಷೇಪಿಸದೆ ಕುಳಿತಿದ್ದರಿಂದ ಹಕ್ಕು ಬಿಟ್ಟುಕೊಟ್ಟಂತೆ ಎಂದು. ಸುಮ್ಮನಿರುವುದು ಒಪ್ಪಿಗೆಯಾಗಿ, ಒಪ್ಪಿಗೆ ಶರಣಾಗತಿಯಾಗಿ ಬದಲಾದ ದಾರಿ ಈ ಎರಡು ಪದಗಳಲ್ಲೇ ಕಾಣುತ್ತದೆ. ನಮ್ಮವರೂ ಕಡಿಮೆಯಿಲ್ಲ. ‘ಮೌನಂ ಸಮ್ಮತಿ ಲಕ್ಷಣಂ’ ಎಂದು ನಾವೂ ತಲೆಯಾಡಿಸುತ್ತ ಬಂದಿದ್ದೇವೆ. ಭಯದಿಂದ ಸುಮ್ಮನಿರುವವನು ಸಮ್ಮತಿಸಿದಂತಾಗುವುದು ಹೇಗೆ?

ಕಾನೂನು ಈ ಸಮಸ್ಯೆಯನ್ನು ಅರಿಯದೆ ಇರಲಿಲ್ಲ. 1946ರ ಸ್ಥಾಯಿ ಆದೇಶಗಳ ಕಾಯ್ದೆಯ 9ನೇ ಕಲಮು, ಕಾರ್ಖಾನೆಯ ನಿಯಮಗಳನ್ನು ಇಂಗ್ಲಿಷಿನಲ್ಲಿಯೂ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಪ್ರವೇಶದ್ವಾರದ ಬಳಿ ಫಲಕದಲ್ಲಿ ಹಾಕಬೇಕೆಂದಿತು. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳ ಐಟಿ ಕಂಪೆನಿಗಳಿಗೆ ಮಾತ್ರ ನಮ್ಮ ಸರಕಾರ ಈ ಕಾಯ್ದೆಯಿಂದಲೇ ವಿನಾಯಿತಿ ಕೊಟ್ಟಿತು. 2014ರಲ್ಲಿ 5 ವರ್ಷ, 2019ರಲ್ಲಿ ಮತ್ತೆ 5 ವರ್ಷ, 2024ರಲ್ಲಿ ಇನ್ನೂ 5 ವರ್ಷ. ಅಲ್ಲಿಯವರು ಇಂಗ್ಲಿಷ್ ಬಲ್ಲವರಲ್ಲವೇ ಎನ್ನಬಹುದು. ಆದರೆ ‘ಸ್ವಇಚ್ಛೆಯಿಂದ ರಾಜೀನಾಮೆ’ ಎಂಬ ಕಾಗದವನ್ನು ಮುಂದಿಟ್ಟು, ಅರ್ಧ ಗಂಟೆಯಲ್ಲಿ ಸಹಿ ಹಾಕು ಎಂದಾಗ ಯಾವ ಇಂಗ್ಲಿಷ್ ನೆರವಿಗೆ ಬರುತ್ತದೆ?

2025ರ ನವೆಂಬರ್ 21ರಿಂದ ಆ ಹಳೆಯ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಸ್ಥಾಯಿ ಆದೇಶಗಳ ಅಧ್ಯಾಯ ಇನ್ನು 300 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಮಾತ್ರ ಅನ್ವಯ. ಪೀಣ್ಯವೆಂದರೆ ಬಹುಮಟ್ಟಿಗೆ ಸಣ್ಣ ಘಟಕಗಳ ಊರು. ಲೇತ್ ಮುಂದೆ ನಿಂತ ಅಲ್ಲಿನ ಹುಡುಗನಿಗೆ ಆ ಫಲಕದ ನೆರಳೂ ಸಿಗದು.

ಇತ್ತ ಕನ್ನಡಾಭಿಮಾನದ ಸಂಗತಿ ನೋಡಿ. 2023ರ ಡಿಸೆಂಬರಿನಲ್ಲಿ ಅಂಗಡಿಗಳ ನಾಮಫಲಕದಲ್ಲಿ ಶೇ. 60 ಕನ್ನಡವಿರಬೇಕೆಂದು ಬೆಂಗಳೂರಿನ ಬೀದಿಗಳಲ್ಲಿ ದೊಡ್ಡ ಹೋರಾಟ ನಡೆಯಿತು. ಬೇಡಿಕೆ ನ್ಯಾಯವಾದುದೇ. ಆದರೆ ಗೋಡೆಯ ಹೊರಗಿನ ಫಲಕಕ್ಕೆ ಕೇಳಿದ ಕನ್ನಡವನ್ನು ಗೋಡೆಯ ಒಳಗೆ ಸಹಿಯಾಗುವ ಕಾಗದಕ್ಕೆ ನಾವು ಕೇಳಿದೆವೇ? ಗಿರಾಕಿಗೆ ಕನ್ನಡ ಬೇಕು, ಕೂಲಿಗೆ ಬೇಡವೇ?

ಸುಮ್ಮನಿದ್ದವರು ಒಪ್ಪಿದವರಲ್ಲ ಎಂಬುದಕ್ಕೆ 2016ರ ಏಪ್ರಿಲ್ 18 ಮತ್ತು 19 ಸಾಕ್ಷಿ. ಭವಿಷ್ಯನಿಧಿಯಲ್ಲಿನ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರಕಾರ ಆದೇಶಿಸಿತ್ತು. ವರ್ಷಗಟ್ಟಲೆ ತಲೆ ತಗ್ಗಿಸಿ ಹೊಲಿಯುತ್ತಿದ್ದ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ, ಜಾಲಹಳ್ಳಿ ಕ್ರಾಸಿಗೆ ಇಳಿದರು. ಎರಡನೇ ದಿನವೇ ಆದೇಶ ಹಿಂದಕ್ಕೆ ಹೋಯಿತು. ಅಲ್ಲಿಯವರೆಗಿನ ಅವರ ಮೌನವನ್ನು ಸಮ್ಮತಿಯೆಂದು ಓದಿದವರು ಎಷ್ಟು ತಪ್ಪು ಓದಿದ್ದರು!

ಈ ವಿಷಯದಲ್ಲಿ ಮುಸ್ಲಿಮರಾದ ನಮಗೂ ಆತ್ಮವಿಮರ್ಶೆ ಬೇಕು. ನಮ್ಮ ಶುಕ್ರವಾರದ ಪ್ರವಚನಗಳಲ್ಲಿ ಸಬ್ರ್, ಅಂದರೆ ಸಹನೆ, ಧಾರಾಳವಾಗಿ ಸಿಗುತ್ತದೆ. ವ್ಯರ್ಥ ಮಾತಿಗಿಂತ ಮೌನ ಮೇಲೆಂದು ಕಲಿಸಿದ ಪ್ರವಾದಿವರ್ಯರೇ(ಸ) ದಬ್ಬಾಳಿಕೆಯ ಅಧಿಪತಿಯ ಮುಂದೆ ಸತ್ಯ ನುಡಿಯುವುದನ್ನು ಶ್ರೇಷ್ಠ ಜಿಹಾದ್ ಎಂದು ಕರೆದದ್ದನ್ನು ಅಷ್ಟು ಧಾರಾಳವಾಗಿ ಹೇಳುತ್ತೇವೆಯೇ? ಕುರ್‌ಆನಿನ ಅತಿ ದೀರ್ಘ ಸೂಕ್ತ ಸಾಲಪತ್ರ ಬರೆಯುವುದರ ಬಗ್ಗೆ ಇದೆ (2:282). ಪತ್ರದ ಮಾತುಗಳನ್ನು ಹೇಳಿ ಬರೆಸಬೇಕಾದವನು ಹೊಣೆ ಹೊರುವವನು. ಅವನಿಂದಾಗದಿದ್ದರೆ ಅವನ ಪೋಷಕ ನ್ಯಾಯವಾಗಿ ಬರೆಸಬೇಕು. ಯಾರಿಗೆ ಪತ್ರ ಕಟ್ಟುಪಾಡಾಗುತ್ತದೋ ಅವನಿಗೆ ಅದರ ಪ್ರತಿ ಮಾತೂ ತಿಳಿದಿರಬೇಕು ಎಂಬುದಲ್ಲವೇ ಇದರ ಆಶಯ? ನಮ್ಮಲ್ಲಿ ಸಣ್ಣ ಘಟಕ ನಡೆಸುವ ಮಾಲೀಕರೂ ಇದ್ದಾರೆ. ಅವರು ಕೊಡುವ ಪತ್ರ ಯಾವ ಭಾಷೆಯಲ್ಲಿದೆ?

ನಾವು ಕೇಳುವುದು ಇಷ್ಟೇ. ನೇಮಕಾತಿ ಪತ್ರ, ನೋಟೀಸು, ರಾಜೀನಾಮೆ ಕಾಗದ ಮೂರೂ ಕನ್ನಡದಲ್ಲಿರಲಿ. ಬಿಹಾರ, ಒಡಿಶಾಗಳಿಂದ ಬಂದವನಿಗೆ ಅವನ ಭಾಷೆಯಲ್ಲಿಯೂ ಸಿಗಲಿ. ಸಹಿಗೆ ಮುನ್ನ ಓದಿ ಹೇಳಲಿ, ಮನೆಗೊಯ್ದು ಯೋಚಿಸಲು ಒಂದು ದಿನ ಕೊಡಲಿ. ಘಟಕದಲ್ಲಿ 300 ಜನರಿರಲಿ, 13 ಜನರಿರಲಿ, ರಾಜ್ಯ ಸರಕಾರ ಇದನ್ನು ಕಡ್ಡಾಯ ಮಾಡಲಿ.

ಉಸ್ಮಾನಿ ಸಾಮ್ರಾಜ್ಯದ ‘ಮಜಲ್ಲ’ ಎಂಬ ನ್ಯಾಯಸಂಹಿತೆಯ 67ನೇ ವಿಧಿಯ ತಾತ್ಪರ್ಯ, ಸುಮ್ಮನಿರುವವನ ಹೆಸರಿಗೆ ಯಾವ ಮಾತನ್ನೂ ಕಟ್ಟಬಾರದೆಂದು. ಸಹಿ ಹಾಕಿ ನಿಂತ ಆ ಹುಡುಗನನ್ನು ಈ ಮಾತು ಕಾಯುತ್ತದೆ. ಆದರೆ ವಿಧಿ ಅಲ್ಲಿಗೇ ಮುಗಿಯುವುದಿಲ್ಲ. ಮಾತನಾಡಲೇಬೇಕಾದ ಕಡೆ ಸುಮ್ಮನಿದ್ದರೆ ಆ ಮೌನವನ್ನು ಮಾತೆಂದೇ ಎಣಿಸಬೇಕೆನ್ನುತ್ತದೆ. ಕಾಗದ ಓದಬಲ್ಲ, ಬರೆಯಬಲ್ಲ, ಪ್ರಶ್ನಿಸಬಲ್ಲ ನಮ್ಮನ್ನು ಉದ್ದೇಶಿಸಿಯೇ ಆ ಎರಡನೆಯ ಮಾತು ಇದೆ.