ಮೂರು ನಿಮಿಷ ಮುಂದಿರುವ ಗಡಿಯಾರ

ಸೆಪ್ಟೆಂಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ, ಸ್ಕಾಟ್ಲೆಂಡಿನ ರಾಜಧಾನಿಯಾದ ಎಡಿನ್‌ಬರೋ ನಗರದ ಹಳೆಯ ಬೀದಿಯೊಂದರಲ್ಲಿ ಮೂವರು ವಿದ್ಯಾರ್ಥಿಗಳು ಒಂದು ವಿಚಿತ್ರ ಒಪ್ಪಂದವನ್ನು ಮಾಡಿಕೊಂಡರು. ಅಂದು ದಿನವಿಡೀ ಯಾರೂ ಹೊತ್ತು ಎಷ್ಟಾಯಿತೆಂದು ಕೇಳಕೂಡದು. ದೂರವಾಣಿಗಳ ಬಾಯಿ ಮುಚ್ಚಿಸಿದರು. ಕೈಗಡಿಯಾರಗಳು ಬೆಂಗಳೂರಿನ ಹುಡುಗನ ಹೆಗಲಚೀಲವನ್ನು ಸೇರಿದವು. ಕಾರಣವಿಲ್ಲದೆ ಇಲ್ಲ. ಮೂವರಲ್ಲೊಬ್ಬನಾದ ಕೆನ್ಯದ ತರುಣ ಅಂದು ಸಂಜೆ ಐದೂವರೆಯ ರೈಲಿನಲ್ಲಿ ಲಂಡನ್ನಿಗೆ ಹೊರಟು, ಅಲ್ಲಿಂದ ವಿಮಾನದಲ್ಲಿ ತನ್ನ ನೈರೋಬಿಗೆ ಹಿಂದಿರುಗುವವನಿದ್ದ. ದೊಡ್ಡ ಪೆಟ್ಟಿಗೆಗಳು ಹಿಂದಿನ ವಾರವೇ ಸಾಗಿದ್ದವು. ಒಂದು ವರ್ಷ ಒಂದೇ ಮನೆಯಲ್ಲಿ ಸರದಿಯಂತೆ ಅಡಿಗೆ ಮಾಡಿ ಉಂಡವರು. ಮತ್ತೆಂದು ಭೇಟಿಯೋ ಬಲ್ಲವರಾರು? ಮೂರನೆಯವಳು ಗ್ರೀಸ್ ದೇಶದ ತರುಣಿ.

ಮೊದಲು ಅವರು ಏರಿದ್ದು ನಗರದ ಮಗ್ಗುಲಲ್ಲೇ ಇರುವ ಆರ್ಥರ್ಸ್ ಸೀಟ್ ಎಂಬ ಬೆಟ್ಟವನ್ನು. ಎತ್ತರ ಕೇವಲ 251 ಮೀಟರು, ಪ್ರವೇಶಧನವಿಲ್ಲ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಮಿಗಿಲಾದ ಆಕರ್ಷಣೆ ಬೇಕೆ? ಒಂದು ಕಾಲದಲ್ಲಿ ಬೆಂಕಿಯುಗುಳುತ್ತಿದ್ದ ಅಗ್ನಿಪರ್ವತವಿದು. ಆರಿ ಸುಮಾರು 34 ಕೋಟಿ ವರ್ಷಗಳಾದವು. ಇದರ ಮುಂಚಾಚಿನ ಕಡಿದಾದ ಬಂಡೆಸಾಲನ್ನು ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ಹಟನ್ ಎಂಬ ಇದೇ ಊರಿನ ವಿದ್ವಾಂಸ ಪರಿಶೀಲಿಸಿ, ಕರಗಿದ ಶಿಲಾರಸ ಹಳೆಯ ಪದರಗಳ ನಡುವೆ ನುಗ್ಗಿರುವುದನ್ನು ಕಂಡ. ಭೂಮಿಯ ವಯಸ್ಸು ಕೆಲವು ಸಾವಿರ ವರ್ಷಗಳಷ್ಟೆ ಎಂದು ಜನ ನಂಬಿದ್ದ ಕಾಲದಲ್ಲಿ, ಎಣಿಕೆಗೆ ನಿಲುಕದಷ್ಟು ದೀರ್ಘವಾದ ಅದರ ಚರಿತ್ರೆಯನ್ನು ಆತ 1785ರಲ್ಲಿ ಪಂಡಿತರ ಮುಂದಿಟ್ಟ.

ಬೆಂಗಳೂರಿನ ಹುಡುಗ ಭೂವಿಜ್ಞಾನದ ವಿದ್ಯಾರ್ಥಿ. ಬಂಡೆಯ ಮೇಲೆ ಕೈಯಿಟ್ಟು ಆತ ನಕ್ಕ. ತನ್ನೂರಿನ ಲಾಲ್‌ಬಾಗಿನಲ್ಲಿ, ಕೆಂಪೇಗೌಡರ ಗೋಪುರದ ಕೆಳಗೆ ಮಕ್ಕಳು ಓಡಿಯಾಡುವ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದರ ಮುಂದೆ ಈ ಬೆಟ್ಟ ನಿನ್ನೆ ಮೊನ್ನೆ ಹುಟ್ಟಿದ ಕೂಸು ಎಂದ. "ಹಾಗಾದರೆ ಐದೂವರೆಯೆಂಬುದು ಯಾವ ಲೆಕ್ಕ?" ಎಂದು ಕೆನ್ಯದವನ ಬಾಯಿಂದ ಬಂದುಬಿಟ್ಟಿತು. ಒಪ್ಪಂದ ಮುರಿಯಿತೆಂದು ಗೆಳತಿ ಅವನಿಗೆ ಒಂದು ಚಹಾದ ದಂಡ ವಿಧಿಸಿದಳು.

ಆದರೆ ಹೊತ್ತನ್ನು ಮರೆಯಬೇಕೆಂಬುವರು ಎಡಿನ್‌ಬರೋಗೆ ಬರಬಾರದು. ಬೆಟ್ಟವಿಳಿದು ಪ್ರಿನ್ಸಸ್ ಬೀದಿಗೆ ಬರುವಷ್ಟರಲ್ಲಿ ತಲೆಯ ಮೇಲಿನ ಕೋಟೆಯಿಂದ ಗುಡುಗಿದಂತೆ ತೋಪು ಹಾರಿತು. ಪಾರಿವಾಳಗಳು ಮೇಲೆದ್ದವು, ಪರಸ್ಥಳದವರು ಬೆಚ್ಚಿದರು, ಊರಿನವರು ತಮ್ಮ ಗಡಿಯಾರ ನೋಡಿಕೊಂಡರು. ಒಂದು ಗಂಟೆ! ಲೀತ್ ಬಂದರಿನ ನಾವಿಕರು ತಮ್ಮ ಗಡಿಯಾರಗಳನ್ನು ಸರಿಪಡಿಸಿಕೊಳ್ಳಲೆಂದು 1852ರಲ್ಲಿ ಎದುರಿನ ಗುಡ್ಡದ ಸ್ಮಾರಕದ ಮೇಲೊಂದು ಚೆಂಡನ್ನು ಏರಿಸಿ ಬೀಳಿಸುವ ಏರ್ಪಾಡಾಯಿತು. ಮಂಜು ಕವಿದ ದಿನ ಚೆಂಡು ಕಾಣದು. ಆದ್ದರಿಂದ 1861ರಲ್ಲಿ ಈ ತೋಪು ಬಂದಿತು. ಸದ್ದು ಬಂದರನ್ನು ಮುಟ್ಟಲು ಕೆಲವು ಸೆಕೆಂಡುಗಳು ಬೇಕಲ್ಲವೆ? ಅದಕ್ಕೂ ನಕ್ಷೆ ಬರೆದಿಟ್ಟ ಜನ! ಕೋಟೆಯ ಒಳಗೆ ಹೋಗಲು ತೆರಬೇಕಾದ ಹಣವನ್ನು ಲೆಕ್ಕ ಹಾಕಿ, ಮೂವರೂ ಹೊರಗಿನಿಂದಲೇ ಅದಕ್ಕೆ ನಮಸ್ಕರಿಸಿದರು. ಕೆಳಗಿನ ಉದ್ಯಾನದಲ್ಲಿ 1903ರಿಂದ ನಡೆದುಬಂದಿರುವ ಹೂವಿನ ಗಡಿಯಾರದತ್ತ ಮಾತ್ರ ಅವರು ತಿರುಗಿಯೂ ನೋಡಲಿಲ್ಲ.

ಮಧ್ಯಾಹ್ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಕಳೆಯಿತು. ಇಲ್ಲಿಯೂ ಬಿಟ್ಟಿ ಪ್ರವೇಶ. ಇಲ್ಲಿಯೂ ಹತ್ತು ಮೀಟರಿಗಿಂತ ಎತ್ತರದ ಒಂದು ಗಡಿಯಾರ! ತಾಯಿಯ ಜೀವಕೋಶದಿಂದ ಪ್ರತಿರೂಪವಾಗಿ 1996ರಲ್ಲಿ ಹುಟ್ಟಿದ ಡಾಲಿ ಎಂಬ ಕುರಿಯ ದೇಹ ಗಾಜಿನ ಪೆಟ್ಟಿಗೆಯಲ್ಲಿ ನಿಂತಿತ್ತು. ಅದರ ಮುಂದೆ ವಾದ ಬೆಳೆಯಿತು. ಐದಕ್ಕೆ ಬಾಗಿಲು ಮುಚ್ಚುವವರು ಬಂದು ಎಬ್ಬಿಸಬೇಕಾಯಿತು. ಆಗಲಾದರೂ ನಿಲ್ದಾಣದ ದಾರಿ ಹಿಡಿದರೆ? ಇಲ್ಲ. ಒಡೆಯನ ಸಮಾಧಿಯನ್ನು ಹದಿನಾಲ್ಕು ವರ್ಷ ಕಾದು 1872ರಲ್ಲಿ ಸತ್ತಿತೆಂದು ಹೇಳುವ ಬಾಬಿ ಎಂಬ ನಾಯಿಯ ಪ್ರತಿಮೆ ಬೀದಿಯ ಮೂಲೆಯಲ್ಲೇ ಇತ್ತು. ಅದರ ಬಳಿ ನಿಂತವರು ಅಲ್ಲಿಂದ ಕದಲಲಿಲ್ಲ. ಆಡಲೇಬೇಕಾದ ಮಾತನ್ನು ಆಡಲಾರದವರಿಗೆ ನಾಯಿಯ ಕಥೆಯಾದರೂ ಬೇಕು.

ಕೊನೆಗೆ ಓಡಿದರು. ಸೇತುವೆಯ ಮೇಲೆ ಬಂದಾಗ ವೇವರ್ಲಿ ನಿಲ್ದಾಣದ ಮಗ್ಗುಲಿನ ದೊಡ್ಡ ಹೋಟೆಲಿನ ಗೋಪುರದಲ್ಲಿ ಐದು ಇಪ್ಪತ್ತೆಂಟು! ಬೆಂಗಳೂರಿನ ಹುಡುಗನ ಮುಖ ಬಿಳಿಚಿಕೊಂಡಿತು. ತನ್ನ ಬೆಟ್ಟದ ಪ್ರವಚನವೇ ಗೆಳೆಯನ ಪ್ರಯಾಣವನ್ನು ತಪ್ಪಿಸಿತೆಂದು ಆತ ನಿಂತಲ್ಲೇ ನಿಂತ. "ಮೂರು ನಿಮಿಷ!" ಎಂದು ಗೆಳತಿ ಕೂಗಿಕೊಂಡಳು. ರೈಲು ಹಿಡಿಯುವವರಿಗೆ ಅನುಕೂಲವಾಗಲೆಂದು 1902ರಿಂದಲೂ ಈ ಗಡಿಯಾರವನ್ನು ಮೂರು ನಿಮಿಷ ಮುಂದಿಟ್ಟಿದ್ದಾರೆ. ಡಿಸೆಂಬರ್ 31ರ ರಾತ್ರಿ ಮಾತ್ರ ಅದು ಸರಿಯಾದ ವೇಳೆಯನ್ನು ತೋರಿಸುತ್ತದೆ. ಊರಿಗೆಲ್ಲ ತಿಳಿದಿರುವ ಈ ಗುಟ್ಟು ಗಾಬರಿಯಲ್ಲಿ ಅವನಿಗೆ ಮರೆತಿತ್ತು.

ಮೆಟ್ಟಿಲಿಳಿದು ಓಡಿ, ಕೆನ್ಯದವನನ್ನು ಗಾಡಿಯೊಳಗೆ ತಳ್ಳಿದ್ದೇ ತಡ, ಬಾಗಿಲು ಮುಚ್ಚಿತು. ಕೈ ಕುಲುಕಲೂ ಆಗಲಿಲ್ಲ. ಗಾಜಿನಾಚೆ ಆತ ತನ್ನ ಬರಿಯ ಮಣಿಕಟ್ಟನ್ನು ಬೆರಳಿನಿಂದ ತಟ್ಟಿ ಏನನ್ನೋ ಹೇಳುತ್ತಿದ್ದ. ವೇಳೆಗೆ ಸರಿಯಾಗಿ ತಲುಪಿದೆವೆಂದು ಹಿಗ್ಗುತ್ತಿರುವನೆಂದೇ ಇವರು ತಿಳಿದರು.

ಮತ್ತೆ ಮೇಲೆ ಬಂದಾಗ ಗೋಪುರದಲ್ಲಿ ಐದು ನಲವತ್ತು. ಹುಡುಗ ತನ್ನ ಗಡಿಯಾರಕ್ಕಾಗಿ ಚೀಲಕ್ಕೆ ಕೈ ಹಾಕಿದ. ಮೂರೂ ಗಡಿಯಾರಗಳು ಕೈಗೆ ಬಂದವು. ತನ್ನದರಲ್ಲಿಯೂ ಅವಳದರಲ್ಲಿಯೂ ಐದು ಮೂವತ್ತೇಳು. ಮೂರನೆಯದರಲ್ಲಿ ಏಳು ಮೂವತ್ತೇಳು. ಕೆನ್ಯದ ತರುಣ ವರ್ಷವಿಡೀ ಅದನ್ನು ನೈರೋಬಿಯ ವೇಳೆಗೇ ಇಟ್ಟುಕೊಂಡಿದ್ದ.