ಹನ್ನೆರಡು ವೋಲ್ಟಿನ ಹುಂಬ ಧೈರ್ಯ

ಜೋಗದ ಬುಡದಲ್ಲಿ 1948ರಿಂದ ವಿದ್ಯುತ್ ತಯಾರಾಗುತ್ತಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ನಿಂತಿತು. ಅದರ ನೀರಿನಿಂದ ನಡೆಯುವ ಶರಾವತಿ ಪವರ್‌ಹೌಸಿನ ಸಾಮರ್ಥ್ಯ 1,035 ಮೆಗಾವಾಟ್. ಹೊಸನಗರ ತಾಲ್ಲೂಕಿನ ಮಾಣಿಯಲ್ಲಿ ತಡೆದ ವಾರಾಹಿಯ ನೀರು ಘಟ್ಟ ಇಳಿದು ಇನ್ನೊಂದು 460 ಮೆಗಾವಾಟ್ ಕೊಡಬಲ್ಲದು. ಇಷ್ಟಾಗಿಯೂ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿತ್ತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಒಳಹಳ್ಳಿಗಳಿಗೆ ಕತ್ತಲೆಯೇ ಗತಿ. ಹಿಂದೆ ಬುಡ್ಡಿದೀಪ ಇತ್ತು. ಈಗ ಅದರ ಜಾಗಕ್ಕೆ ಬ್ಯಾಟರಿ ಬಂದಿದೆ.

ಮಾಡಿನ ಮೇಲೆ ಸೋಲಾರ್ ಪ್ಲೇಟು, ಒಳಗೊಂದು ಇನ್ವರ್ಟರ್, ಎರಡೋ ನಾಲ್ಕೋ ಬ್ಯಾಟರಿ. ಹಿನ್ನೀರಿನಾಚೆಯ ಒಂಟಿ ಮನೆಗೂ ಇದು ತಲುಪಿದೆ. ಸಂತೋಷವೇ. ಆದರೆ ಜೋಡಿಸುವವರು ಯಾರು? ಕಂಬದಿಂದ ಮೀಟರಿನ ತನಕ ಮೆಸ್ಕಾಂ ಇದೆ. ಮೀಟರೇ ಇಲ್ಲದ ಈ ಕರೆಂಟಿಗೆ ಲೈನ್‌ಮನ್ ಇಲ್ಲ. ಅಂಗಡಿಯವರು ಮಾರುತ್ತಾರೆ, ಜೀಪಿನವನು ಇಳಿಸಿ ಹೋಗುತ್ತಾನೆ, ಪಂಪ್‌ಸೆಟ್ ರಿಪೇರಿ ಬಲ್ಲ ಹುಡುಗ ಸ್ಪ್ಯಾನರ್ ಹಿಡಿಯುತ್ತಾನೆ. 'ಹನ್ನೆರಡು ವೋಲ್ಟ್ ಅಷ್ಟೆ, ಏನೂ ಆಗೋಲ್ಲ ಮಾರಾಯ್ರೆ' ಎಂಬ ಧೈರ್ಯ ಬೇರೆ.

ಹನ್ನೆರಡು ವೋಲ್ಟ್ ಸಾಮಾನ್ಯವಾಗಿ ಶಾಕ್ ಹೊಡೆಯೋಲ್ಲ, ನಿಜ. ಅಪಾಯ ಇರುವುದು ಬೆಂಕಿಯಲ್ಲಿ. 150 ಆಂಪಿಯರ್-ಅವರ್ ಬ್ಯಾಟರಿಯ ಪ್ಲಸ್ಸಿಗೂ ಮೈನಸ್ಸಿಗೂ ಅಡ್ಡಲಾಗಿ ಸ್ಪ್ಯಾನರ್ ಬಿದ್ದರೆ ಕ್ಷಣದಲ್ಲಿ ಸಾವಿರ ಆಂಪಿಯರ್ ಮೀರಿ ಹರಿಯಬಹುದು. ಬೆರಳಿನ ಉಂಗುರ ಸಿಕ್ಕಿಕೊಂಡರೆ ಬೆರಳೇ ಸುಟ್ಟೀತು. ಚಾರ್ಜ್ ಆಗುವಾಗ ಆಸಿಡ್ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೆ ಒಂದು ಕಿಡಿ ಸಾಕು. ಮಳೆಗೆ ಹೆದರಿ ಮುಚ್ಚಿದ ಕೋಣೆಯಲ್ಲಿ, ಬಚ್ಚಲ ಒಲೆಯ ಪಕ್ಕದಲ್ಲಿ ಬ್ಯಾಟರಿ ಇಡುವವರು ಇದನ್ನು ಗಮನಿಸಬೇಕು.

ಜೋಡಣೆಯ ಲೆಕ್ಕ ಕಷ್ಟದ್ದೇನಲ್ಲ. 12 ವೋಲ್ಟಿನ ಒಂದು ಬ್ಯಾಟರಿಯ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ ಸೇರಿಸಿದರೆ 24 ವೋಲ್ಟ್. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿದರೆ ವೋಲ್ಟ್ 12ರಲ್ಲೇ ಉಳಿಯುತ್ತದೆ, ಸಂಗ್ರಹ ಇಮ್ಮಡಿಯಾಗುತ್ತದೆ. ಹೀಗೆ ಸೇರಿಸಿದಾಗ ಇನ್ವರ್ಟರಿಗೆ ಪ್ಲಸ್ ಒಂದರಿಂದ, ಮೈನಸ್ ಇನ್ನೊಂದರಿಂದ ಎಳೆಯಬೇಕು. ಆಗ ಎರಡಕ್ಕೂ ದುಡಿಮೆ ಸಮ.

1,000 ವಾಟ್ ಲೋಡಿಗೆ 12 ವೋಲ್ಟಿನಲ್ಲಿ ಸುಮಾರು 83 ಆಂಪಿಯರ್ ಹರಿಯುತ್ತದೆ, 24ರಲ್ಲಿ 42. ಮನೆ ವೈರಿಂಗಿನಲ್ಲಿ ಉಳಿದ ಸಣ್ಣ ತಂತಿ ಹಾಕಿದರೆ ಅದೇ ಕಾದು ಹೊತ್ತಿಕೊಳ್ಳುತ್ತದೆ. ಆದ್ದರಿಂದ ದಪ್ಪ ತಂತಿ, ಬಿಗಿಯಾದ ಲಗ್, ಪ್ಲಸ್ ಟರ್ಮಿನಲ್ ಹತ್ತಿರವೇ ಡಿ.ಸಿ. ಫ್ಯೂಸ್ ಬೇಕೇ ಬೇಕು. ಕೆಲಸಕ್ಕೆ ಮುಂಚೆ ಇನ್ವರ್ಟರ್ ಬಂದ್ ಮಾಡಿ, ಉಂಗುರ-ಬಳೆ ತೆಗೆದು, ಸ್ಪ್ಯಾನರಿನ ಹಿಡಿಗೆ ಟೇಪ್ ಸುತ್ತಬೇಕು. ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಸೋಲಾರ್. ಬಿಚ್ಚುವಾಗ ಇದರ ತಿರುಗುಮುರುಗು.

ಎಲ್ಲಕ್ಕಿಂತ ದೊಡ್ಡ ತಪ್ಪು ಆಗುವುದು ದುಡ್ಡಿನ ತಾಪತ್ರಯದಿಂದ. ಎರಡರಲ್ಲಿ ಒಂದು ಕೆಟ್ಟರೆ ಒಂದೇ ಹೊಸದು ತಂದು ಹಳೆಯದರ ಜೊತೆ ಕಟ್ಟುತ್ತಾರೆ. ಮುದಿ ಎತ್ತಿನ ಜೊತೆ ಹೋರಿ ಹೂಡಿದ ಹಾಗೆ. ಹಳೆಯದು ಬೇಗ ಖಾಲಿಯಾಗುತ್ತದೆ, ಚಾರ್ಜಿನಲ್ಲಿ ಬೇಗ ಕುದಿಯುತ್ತದೆ, ಕೊನೆಗೆ ಹೊಸದನ್ನೂ ಕೆಡಿಸುತ್ತದೆ. ಲಿಥಿಯಂ ಬ್ಯಾಟರಿಯನ್ನು ಆಸಿಡ್ ಬ್ಯಾಟರಿಗೆ ಸೇರಿಸುವುದಂತೂ ಕೂಡದು. ಎರಡರ ಚಾರ್ಜಿನ ವೋಲ್ಟೇ ಬೇರೆ. ಬದಲಿಸುವುದಾದರೆ ಜೋಡಿಯನ್ನೇ ಬದಲಿಸಬೇಕು. ಹಳೆಯ ಸೀಸಕ್ಕೆ ಅಂಗಡಿಯಲ್ಲಿ ಬೆಲೆ ಇದ್ದೇ ಇದೆ.

ಬ್ಯಾಟರಿಯ ಬೆಲೆಯ ಮುಂದೆ ಫ್ಯೂಸಿನ ಬೆಲೆ ಏನೂ ಅಲ್ಲ. ಮಾರುವ ಅಂಗಡಿಯವರು ಅದನ್ನೂ ಅದೇ ಬಿಲ್ಲಿಗೆ ಸೇರಿಸಿ, ಜೋಡಣೆಯ ನಕ್ಷೆಯೊಂದನ್ನು ಕನ್ನಡದಲ್ಲಿ ಬರೆದು ಕೊಟ್ಟರೆ ಅರ್ಧ ಅಪಾಯ ಅಲ್ಲಿಗೇ ಕಳೆದೀತು. ನಾಡಿನ ಬೆಳಕಿಗಾಗಿ ಈ ಸೀಮೆಯವರು ಊರು, ಗದ್ದೆ ಮುಳುಗಿಸಿಕೊಂಡಿದ್ದಾರೆ. ತಮ್ಮ ಮನೆಯ ಬೆಳಕಿಗಾಗಿ ಮನೆಯನ್ನೇ ಸುಟ್ಟುಕೊಳ್ಳುವ ಕರ್ಮ ಬೇಡ.