ಸ್ವಿಸ್ ಹೋರಿ ಬಂದ ಮೇಲೆ ಊರ ದನದ ಗತಿ

ಕಾಸರಗೋಡು: ಸೊಸೈಟಿಗೆ ಹಾಲು ಅಳೆಯುವವರ ಹಟ್ಟಿಗಳಲ್ಲಿ ಈಗಿರುವುದು ಹೆಚ್ಚಾಗಿ ಮಿಶ್ರತಳಿ ದನಗಳೇ. 2019ರ ಜಾನುವಾರು ಗಣತಿಯಂತೆ ಕೇರಳದಲ್ಲಿದ್ದ ಸುಮಾರು 13.4 ಲಕ್ಷ ದನಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಿಶ್ರತಳಿಯವು.

ಇದರ ಮೂಲ ಮುನ್ನಾರ್ ಸಮೀಪದ ಮಾಟ್ಟುಪೆಟ್ಟಿಯಲ್ಲಿದೆ. 1963ರಲ್ಲಿ ಸ್ವಿಜರ್ಲೆಂಡ್ ಸಹಕಾರದ ಇಂಡೋ-ಸ್ವಿಸ್ ಯೋಜನೆ ಅಲ್ಲಿ ಆರಂಭವಾಯಿತು. ಬ್ರೌನ್ ಸ್ವಿಸ್ ಹೋರಿ ಮತ್ತು ಊರ ದನಗಳ ಸಂಕರದಿಂದ ಸುನಂದಿನಿ ತಳಿ ರೂಪುಗೊಂಡಿತು. ಬಳಿಕ ಜೆರ್ಸಿ, ಹೋಲ್‌ಸ್ಟೀನ್ ರಕ್ತವೂ ಸೇರಿತು. ಸ್ವಿಸ್ ತಜ್ಞರು ಹೋರಿ ಕೊಟ್ಟು ಸುಮ್ಮನಾಗಲಿಲ್ಲ. ವೀರ್ಯ ಘನೀಕರಿಸಿ ಕಾಪಿಡುವ ವಿದ್ಯೆಯನ್ನೂ ಕಲಿಸಿದರು. 1976ರಲ್ಲಿ ರೂಪುಗೊಂಡ ಕೇರಳ ಜಾನುವಾರು ಅಭಿವೃದ್ಧಿ ಮಂಡಳಿ ಆ ಕೆಲಸವನ್ನು ವಹಿಸಿಕೊಂಡಿತು. ಪಾಲುದಾರರು ಹೋದ ಮೇಲೂ ಕೆಲಸ ನಿಲ್ಲಲಿಲ್ಲ. ವಿದೇಶಿ ಸಹಕಾರದ ಯೋಜನೆಗಳಲ್ಲಿ ಇದು ಅಪರೂಪವೇ ಸರಿ.

ನಷ್ಟವಾದದ್ದು ಊರ ತಳಿಗಳಿಗೆ. ಆದರೆ ಅದನ್ನು ಸ್ವಿಸ್‌ನವರ ತಲೆಗೆ ಕಟ್ಟುವುದು ಸರಿಯಲ್ಲ. ಪರವಾನಿಗೆ ಇಲ್ಲದೆ ಹೋರಿ ಸಾಕಬಾರದೆಂಬ ಕೇರಳದ ಕಾಯಿದೆ ಬಂದದ್ದು 1961ರಲ್ಲಿ, ಅವರು ಬರುವ ಮೊದಲೇ. ಊರ ಹೋರಿಗಳ ಬೀಜ ಒಡೆಸಲಾಯಿತು. ವೆಚ್ಚೂರು ದನ ಅಳಿವಿನ ಅಂಚಿಗೆ ಬಂದಿತ್ತು. 1989ರಲ್ಲಿ ಮಣ್ಣುತ್ತಿಯ ಪ್ರಾಧ್ಯಾಪಕಿ ಶೋಶಮ್ಮ ಐಪ್ ಮತ್ತು ವಿದ್ಯಾರ್ಥಿಗಳು ಹುಡುಕಿ ತರದಿದ್ದರೆ ಅದರ ಹೆಸರಷ್ಟೇ ಉಳಿಯುತ್ತಿತ್ತು.

ಕಾಸರಗೋಡು ಗಿಡ್ಡ ಉಳಿದಿದ್ದರೆ ಅದಕ್ಕೆ ನಮ್ಮ ಕೃಷಿಯೇ ಕಾರಣ. ಅಡಿಕೆ ತೋಟದವರಿಗೆ ಹಾಲಿನಷ್ಟೇ ಗೊಬ್ಬರವೂ ಬೇಕು. ಗುಡ್ಡಕ್ಕೆ ಬಿಟ್ಟರೆ ಮೇದು ಸಂಜೆ ತಾನೇ ಹಟ್ಟಿಗೆ ಬರುವ ದನಕ್ಕೆ ಹಿಂಡಿಯ ಖರ್ಚು ಅಷ್ಟಿಲ್ಲ. ಲೀಟರ್ ಲೆಕ್ಕ ಮಾತ್ರ ಹಿಡಿದರೆ ಗಿಡ್ಡ ಯಾವಾಗಲೂ ಸೋಲುತ್ತದೆ. ಬದಿಯಡ್ಕ ಸಮೀಪದ ಬೇಳದಲ್ಲಿ ಸರಕಾರವೇ ಇದರ ಸಂರಕ್ಷಣಾ ಕೇಂದ್ರ ತೆರೆದಿದೆ.

ಇನ್ನು ಮುಂದಿನ ಪಾಲುದಾರಿಕೆ ಹಾಲಿಗಿಂತ ವಂಶವಾಹಿಗಾಗಿ ಇರಬಹುದು. ಬಿಸಿಲು ತಾಳುವ, ಸಣ್ಣ ದೇಹದ ತಳಿಗಳ ಮೇಲೆ ಹೊರದೇಶದವರಿಗೂ ಆಸಕ್ತಿಯಿದೆ. 1990ರ ದಶಕದ ಕೊನೆಗೆ ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆ ವೆಚ್ಚೂರು ದನದ ವಂಶವಾಹಿಗೆ ಪೇಟೆಂಟ್ ಪಡೆದಿದೆ ಎಂಬ ಆರೋಪ ಎದ್ದಿತ್ತು. ಅದಕ್ಕೆ ಆಧಾರ ಸಿಗಲಿಲ್ಲ. ತಳಿ ಉಳಿಸಿದವರು ಮಾತ್ರ ಸುಮ್ಮನೆ ಸಂಶಯಕ್ಕೆ ಗುರಿಯಾದರು. ಆಗ ಜೈವಿಕ ವೈವಿಧ್ಯ ಕಾಯಿದೆಯೂ ಇರಲಿಲ್ಲ. 2002ರ ಆ ಕಾಯಿದೆಯಂತೆ ವಿದೇಶಿಯರು ಇಲ್ಲಿನ ಜೈವಿಕ ಸಂಪತ್ತನ್ನು ಸಂಶೋಧನೆಗೆ ಪಡೆಯಲು ಚೆನ್ನೈಯ ರಾಷ್ಟ್ರೀಯ ಜೈವಿಕ ವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕು. ಲಾಭದಲ್ಲಿ ಪಾಲು ಕೇಳುವ ಹಕ್ಕು ತಳಿ ಸಾಕಿದವರಿಗೂ ಇದೆ.

ಆದರೆ ಪಾಲು ಕೇಳಲು ದಾಖಲೆ ಬೇಕು. ಪಂಚಾಯತಿನ ಜೀವವೈವಿಧ್ಯ ದಾಖಲಾತಿಯಲ್ಲಿ ಯಾವ ಮನೆಯವರು ಎಷ್ಟು ತಲೆಮಾರಿನಿಂದ ಗಿಡ್ಡ ಸಾಕಿದ್ದಾರೆ, ಹೋರಿ ಯಾರಲ್ಲಿದೆ ಎಂಬುದು ಬರಬೇಕು. ದನದ ಬಣ್ಣ, ಕೊಂಬು, ರೋಗ, ಮದ್ದುಗಳಿಗೆ ನಮ್ಮ ಹಿರಿಯರಲ್ಲಿ ಇರುವುದು ತುಳು, ಕನ್ನಡದ ಹೆಸರುಗಳು. ಬರೆದುಕೊಳ್ಳುವವರಿಗೆ ಮಲೆಯಾಳ ಮಾತ್ರ ಗೊತ್ತಿದ್ದರೆ ಅದರಲ್ಲಿ ಅರ್ಧವೂ ಪುಸ್ತಕಕ್ಕೆ ಬಾರದು. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಬಹುದು.